ಮೊಣಕಾಲ ಕೆಳಗಿನ ದಿಂಬು

“ಆ ದಿಂಬು ತೆಗೀರಿ ಅತ್ತಿ. ಕಾಲು ಹಂಗೇ ಬಾಗಿ ನಿಂತುಬಿಡತೈತಿ ಅಂತ ಆಸ್ಪತ್ರ್ಯಾಗ ಹೇಳ್ಯಾರ.”

ಬಸವಕಿರಣನ ಮಾತಿಗೆ ಅಂಬುಬಾಯಿ ತಲೆಯೆತ್ತಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತಲೇ ಕೇಳಿದರು. “ನೋವು ಯಾರಿಗೈತೋ ತಮ್ಮಾ, ನಿನಗೋ ಆಕಿಗೋ?”

ಮಂಚದ ಮೇಲಿದ್ದ ನಲಿನಿ ಗೋಡೆಗೆ ಮುಖ ತಿರುಗಿಸಿದಳು. ಹರೆಯದಿಂದಲೇ ಸಂಧಿವಾತ ತಿಂದುಹಾಕಿದ್ದ ಮೊಣಕಾಲಿಗೆ ಕೃತಕ ಕೀಲು ಕೂರಿಸಿದ್ದರು. ತಾಯಿಯಿಲ್ಲದ ಅವಳನ್ನು ಸೋದರತ್ತೆ ಅಂಬುಬಾಯಿ ಕಾಚಿಗೂಡದ ತಮ್ಮ ಮನೆಗೆ ಕರೆತಂದು ಬಾಣಂತಿಯಂತೆ ನೋಡಿಕೊಂಡಿದ್ದರು. ಕಿವಿಗೆ ಹತ್ತಿ, ಮಂಚಕ್ಕೇ ಊಟ, ನೆಲಕ್ಕೆ ಕಾಲಿಡುವಂತಿಲ್ಲ. ಆ ಅಕ್ಕರೆಯಲ್ಲೇ ಕಾಲು ಮರಗಟ್ಟುತ್ತಿತ್ತು.

ಊರಿನ ಇನ್ನೊಂದು ತುದಿಯ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲವದು. ಅಲ್ಲಿನ ಕಂಪನಿಯಲ್ಲಿ ಬಸವಕಿರಣ ಅವಳ ಪಕ್ಕದ ಸೀಟಿನವನು. ಮದುವೆಯ ಮಾತೆತ್ತಿದವನೇ, “ಅವಸರಿಲ್ಲ. ಆಪರೇಷನ್ ಆದಮ್ಯಾಲೆ ನಡಕೊಂತ ಬಂದು ಉತ್ತರ ಹೇಳು,” ಎಂದಿದ್ದ.

ಈಗ ಅವನೇ ಬಾಗಿ ದಿಂಬನ್ನು ಎಳೆದ. ನಲಿನಿ ಚೀರಿದಳು.

“ತಪ್ಪಾತು, ನಲಿನಿ.”

“ಹೋಗು,” ಎಂದಳು. ಅಂಬುಬಾಯಿ ಅವನ ಬೆನ್ನಿಗೇ ಚಿಲಕ ಹಾಕಿದರು.

ಅವನು ಮತ್ತೆ ಬರಲಿಲ್ಲ. ಆದರೆ ಸಂಜೆಯಾದರೆ ಮೆಟ್ಟಿಲ ಮೇಲೆ ಯಾರೋ ಕೆಮ್ಮುತ್ತಿದ್ದರು. “ಮ್ಯಾಲಿನ ಮನಿಯವರು,” ಎನ್ನುತ್ತಿದ್ದರು ಅತ್ತೆ. ಆಫೀಸಿನ ಎ.ಸಿ. ಅವನಿಗೆ ತಂದಿಟ್ಟ ಆ ಕೆಮ್ಮನ್ನು ನಲಿನಿ ಬಲ್ಲಳು.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಕಾಲನ್ನು ಒತ್ತಿ ನೋಡಿ ಮುಖ ಸಣ್ಣದು ಮಾಡಿದರು. ಪೂರ್ತಿ ನೆಟ್ಟಗಾಗುವುದು ಅನುಮಾನ. ನಡೆಯದಿದ್ದರೆ ಇಷ್ಟೂ ಉಳಿಯದು. ಮನೆಗೆ ಬಂದವಳೇ ದಿಂಬನ್ನು ಮೂಲೆಗೆಸೆದಳು.

ಅತ್ತೆ ಸುಲ್ತಾನ್ ಬಜಾರಿಗೆ ಹೋಗಿದ್ದ ಒಂದು ಸಂಜೆ ಕೆಮ್ಮು ಕೇಳಿಸಿತು. ನಲಿನಿ ವಾಕರ್ ಹಿಡಿದು ಎದ್ದಳು. ಮಂಚದಿಂದ ಬಾಗಿಲು ಇಷ್ಟು ದೂರವೆಂದು ಅವಳಿಗೆ ಗೊತ್ತೇ ಇರಲಿಲ್ಲ. ನಡುವೆ ಗೋಡೆಗೊರಗಿ ಅತ್ತಳು. ಕಣ್ಣೊರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ. ಅತ್ತೆ ಎಳೆದುಕೊಂಡು ಹೋಗಿದ್ದ ಕದವನ್ನು ಕೊನೆಗೂ ತೆಗೆದಳು.

ಮೆಟ್ಟಿಲ ಮೇಲೆ ಅವನು ಕುಳಿತಿದ್ದ. ಗಡ್ಡ ಬೆಳೆದಿತ್ತು.

“ಇಷ್ಟು ದಿನ ಕದ ಯಾಕ ಬಡೀಲಿಲ್ಲ?”

“ಬಡದಿದ್ರ ಅತ್ತಿ ತೆಗೀತಿದ್ರು.”

ಅವಳು ಮೊಣಕಾಲತ್ತ ನೋಡಿದಳು. “ಕಾಲು ನೆಟ್ಟಗಾಗೂದಿಲ್ಲಂತ, ಕಿರಣ. ಕುಂಟೂದು ಹಂಗೇ ಉಳೀತೈತಂತ.”

“ನಾ ಕಾಲಿನ ಸುದ್ದಿ ಕೇಳಿರಲಿಲ್ಲ,” ಎಂದು ಎದ್ದು ಕೈ ಚಾಚಿದ.

“ತಡಿ. ಹೊಸ್ತಿಲು ಉಳದೈತಿ.”

ಅವನು ಕೈ ಹಿಂದಕ್ಕೆಳೆದುಕೊಂಡ. ವಾಕರನ್ನು ಎತ್ತಿ ಆಚೆಗಿಟ್ಟು, ತುಟಿ ಕಚ್ಚಿ, ಬಾಗಿದ ಕಾಲನ್ನು ಎಳೆದುಕೊಂಡು ಅವಳು ದಾಟಿದಳು. ಕೆಳಗೆ ಮೆಟ್ಟಿಲೇರುವ ಅತ್ತೆಯ ಚಪ್ಪಲಿಯ ಸದ್ದು ಕೇಳಿಸಿತು. ಇಬ್ಬರೂ ಕದಲಲಿಲ್ಲ.

“ನಡಕೊಂತ ಬಂದೆ. ಹೂಂ,” ಎಂದಳು ನಲಿನಿ.