ತೊಳೆಯದ ತುಂಡು

“ಇದೂ ಸತ್ತರೆ ಅಣಬೆ ವಿಭಾಗಕ್ಕೇ ಬೀಗ,” ಎಂದು ಮೇಲಧಿಕಾರಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಅಕ್ಕನ ಹದಿನಾಲ್ಕು ವರ್ಷದ ದುಡಿಮೆ ಈಗ ಒಂದು ಮರದ ತುಂಡಿನ ಮೇಲೆ ನಿಂತಿತ್ತು.

ಕಣಿವೆಯ ತಳದಲ್ಲಿ ಬಿದ್ದ ಹೆಮ್ಮರವೊಂದರ ಮೇಲೆ ಬಿಳಿ ಅಣಬೆ ಸೊಕ್ಕಿ ಬೆಳೆದಿತ್ತು. ಎರಡು ಸಲ ತಂದರೂ ಅದು ಪ್ರಯೋಗಾಲಯದ ಶುದ್ಧ ಮರದ ಹೊಟ್ಟಿನಲ್ಲಿ ಸೊರಗಿ ಸತ್ತಿತ್ತು. ಅಣಬೆ ಬೆಳೆಯಲು ಸಾರಜನಕ ಬೇಕು, ಮರದಲ್ಲಿ ಅದು ಇರುವುದೇ ಸಾಸಿವೆಯಷ್ಟು. ಹಾಗಾದರೆ ಕಾಡಿನಲ್ಲಿ ಇದಕ್ಕೆ ಅದು ಸಿಗುವುದೆಲ್ಲಿಂದ? ಈ ಸಲ ಅವಳು ಮರ ಕಡಿಯುವ ತಮ್ಮನನ್ನೂ ಕರೆದುಕೊಂಡು ಹಗ್ಗ ಹಿಡಿದು ಇಳಿದಳು.

ತಮ್ಮ ಕೊಡಲಿಯಿಂದ ಮೊಳದುದ್ದದ ತುಂಡು ಕಡಿದು ಕೆಳಗಿಟ್ಟ. ಅಕ್ಕ ಕುದಿಸಿ ಆರಿಸಿದ ನೀರಿನ ಬಾಟಲಿ ತೆಗೆದಳು.

“ಪ್ರತಿ ಸಲ ಹೀಗೇ ತೊಳೀತೀಯಾ?”

“ಮಣ್ಣು, ಹುಳ ಯಾವುದೂ ಒಳಗೆ ಬರಬಾರದು ಕಣೋ.”

“ಊಟಕ್ಕೆ ಮುಂಚೆ ಕೈ ತೊಳೀತಾರೆ. ನೀನು ಊಟಾನೇ ತೊಳೀತೀಯಲ್ಲಕ್ಕ.”

ಅವಳು ಮುಚ್ಚಳ ತಿರುಗಿಸುವಷ್ಟರಲ್ಲಿ ಮರದಡಿಯ ಪೊದೆ ಸೀಳಿತು.

ಕಾಡುಹಂದಿ ನೇರ ನುಗ್ಗಿತು. ಅದರ ಕೋರೆ ತಮ್ಮನ ತೊಡೆಯನ್ನು ಬಗೆಯಿತು. ಅವನು ಉರುಳಿದ. ಕೊಡಲಿ ದೂರ ಹಾರಿತು. ತುಂಡು ಕೊಳೆತೆಲೆಯ ಕೆಸರಿನಲ್ಲಿ ಹೊರಳಿತು.

ಹಂದಿ ತಿರುಗಿ ಮತ್ತೆ ಬಂತು. ಅಕ್ಕ ಕೊಡಲಿ ಎತ್ತಿ ಅದರ ಮುಸುಡಿಗೆ ಬೀಸಿದಳು. ಮೂಳೆ ಒಡೆಯಿತು. ಇನ್ನೊಂದು ಏಟು ಕುತ್ತಿಗೆಗೆ ಬಿತ್ತು. ಬಿಸಿ ನೆತ್ತರು ಅವಳ ಮುಖಕ್ಕೆ ಚಿಮ್ಮಿತು. ಹಂದಿ ಮುಗ್ಗರಿಸಿ, ಕಾಲು ಒದೆದು ಸತ್ತಿತು.

ಅವಳು ಇದ್ದಬದ್ದ ನೀರನ್ನೆಲ್ಲ ಗಾಯಕ್ಕೆ ಸುರಿದು, ಅಂಗಿಯ ತೋಳು ಹರಿದು ಬಿಗಿದಳು.

“ತುಂಡಿಗೆ ನೀರು?” ಎಂದ ತಮ್ಮ.

“ಅದು ಹಾಳಾಗಿ ಹೋಗಲಿ. ನೀನು ಬದುಕಿದ್ರೆ ಸಾಕು ನಂಗೆ.”

“ಬಿಟ್ಟು ಹೋದ್ರೆ ನನ್ನ ಕಾಲು ದಂಡಕ್ಕೆ ಹೋದ ಹಾಗೆ. ಚೀಲಕ್ಕೆ ಹಾಕು.”

ಕೆಸರು ಮೆತ್ತಿದ ತುಂಡನ್ನು ಬೆನ್ನಿಗೆ ಕಟ್ಟಿ, ತಮ್ಮನನ್ನು ಹೆಗಲಿಗೆ ಆನಿಸಿಕೊಂಡು ಅವಳು ಆ ಜಾರುವ ಏರು ಹತ್ತಿದಳು. ದಾರಿಯಲ್ಲಿ ಎರಡು ಸಲ ಇಬ್ಬರೂ ಬಿದ್ದರು. ರಸ್ತೆ ತಲುಪುವ ಹೊತ್ತಿಗೆ ಅವನಿಗೆ ಪ್ರಜ್ಞೆ ಇರಲಿಲ್ಲ.

ಹನ್ನೆರಡನೆಯ ದಿನ ತಮ್ಮ ಊರುಗೋಲಿನಲ್ಲಿ ಪ್ರಯೋಗಾಲಯಕ್ಕೆ ಬಂದ. ಆ ತುಂಡನ್ನು ತೊಳೆಯದೆ ಇಟ್ಟಿದ್ದ ಪೆಟ್ಟಿಗೆಯ ಹೊಟ್ಟಿನ ತುಂಬ ಅಣಬೆಯ ಬಿಳಿ ಎಳೆಗಳು ಹಬ್ಬಿದ್ದವು. ಅಕ್ಕ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಕೆಸರಿನ ಜೊತೆ ಬಂದ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳಗಳು ಮರಗಟ್ಟಿ ಬಿದ್ದಿದ್ದವು. ಎಳೆಗಳು ಅವುಗಳ ಬಾಯಿಯೊಳಗೆ ನುಗ್ಗಿದ್ದವು.

“ಎಳೆಯಲ್ಲಿ ವಿಷದ ಹನಿ ಇದೆ ಕಣೋ. ಹುಳ ಮುಟ್ಟಿದ್ರೆ ಅಲ್ಲೇ ಮರಗಟ್ಟತ್ತೆ. ಆಮೇಲೆ ಒಳಗೆ ನುಗ್ಗಿ ಸಾರಜನಕ ಹೀರತ್ತೆ. ಎರಡು ಸಲಾನೂ ಇದರ ಊಟ ಚೆಲ್ಲಿದ್ದು ನಾನೇ.”

“ನಾನು ಅವತ್ತೇ ಹೇಳಿದ್ನಲ್ಲ.”

“ಹೇಳಿದ್ದೆ ಮಾರಾಯ.”

ಅವಳು ಕಣ್ಣೊರೆಸಿಕೊಂಡು, ಅವನ ಕಾಲಿಗೆ ಕುರ್ಚಿ ಎಳೆದುಕೊಟ್ಟು, ಪೆಟ್ಟಿಗೆಯ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಬರೆದಳು: ತೊಳೆಯಬಾರದು.