ಹಿತ್ತಲ ಮನೆಯ ಪರವಾನಗಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿಯ ತುದಿಯಲ್ಲಿ ಕೂತು ಮೊದಲು ಬಾಗಿಲ ಕಡೆ ತಿರುಗಿ ನೋಡಿದರು. ಬೀದಿಯವರು ಯಾರಾದರೂ ಕಂಡರೇನೋ ಎಂಬ ಅಳುಕು. ವಯಸ್ಸು ಅರವತ್ತು ದಾಟಿತ್ತು. ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ನಿವೃತ್ತರಾದವರು.

"ನಗರಸಭೆಯಿಂದ ನೋಟಿಸು ಬಂದಿದೆ ಸಾರ್. ಹಿತ್ತಲಲ್ಲಿ ಕಟ್ಟಿಸಿದ ಮನೇನ ಗುರುವಾರ ಕೆಡವ್ತಾರಂತೆ. ನನ್ನ ಹತ್ರ ಪರವಾನಗಿ ಇದೆ. ಅದೇ ಖೋಟಾ ಅಂತಾರೆ."

ಇನ್‌ಸ್ಪೆಕ್ಟರು ಆಕೆ ಚಾಚಿದ ಪರವಾನಗಿ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. ಸಹಿ, ಮೊಹರು ಎಲ್ಲವೂ ಇದ್ದವು.

"ಇದನ್ನ ತಂದುಕೊಟ್ಟಿದ್ದು ಯಾರು?"

ಹೆಂಗಸು ಕೈಚೀಲದ ಹಿಡಿಯನ್ನು ಸುತ್ತತೊಡಗಿದರು. "ನಮ್ಮ ಅಳಿಯಂದಿರು. ನಗರಸಭೆ ಪ್ಲಾನ್ ಸೆಕ್ಷನ್‌ನಲ್ಲೇ ಆಫೀಸರಾಗಿದಾರೆ. ಅವರನ್ನೂ ಯಾವನೋ ಏಜೆಂಟ್ ಯಾಮಾರಿಸಿದಾನೆ. ಅವರ ಹೆಸರು ಮಾತ್ರ ಮಧ್ಯೆ ಎಳೀಬೇಡಿ. ಮರ್ಯಾದಸ್ಥರು."

"ನೀವು ಆಫೀಸಿಗೆ ಹೋಗಿ ವಿಚಾರಿಸಲಿಲ್ವಾ?"

"ಅಲ್ಲಿಗೆ ಬರಬೇಡಿ ಅಂದಿದಾರೆ. ಮನೆಯವರಿಗೆ ಮಾಡಿಕೊಟ್ಟ ಅಂತ ಮಾತು ಬರುತ್ತಲ್ಲ."

ಎಷ್ಟು ಕೇಳಿದರೂ ಆಕೆ ಅಳಿಯನ ಹೆಸರು ಹೇಳಲಿಲ್ಲ. ಅಪರಿಚಿತ ವ್ಯಕ್ತಿಯ ವಿರುದ್ಧ ವಂಚನೆ ಮತ್ತು ನಕಲಿ ದಾಖಲೆ ಸೃಷ್ಟಿಯ ಎಫ್‌ಐಆರ್ ದಾಖಲಾಯಿತು. ಪರವಾನಗಿ ಪತ್ರವನ್ನು ಜಪ್ತಿ ಮಾಡಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆ. ಠಾಣೆಯಲ್ಲಿ ಎಲ್ಲರೂ ಉದ್ದಣ್ಣ ಎಂದೇ ಕರೆಯುವ ದಫೇದಾರ ಟೇಪು ಹಿಡಿದು ಅಳೆದ. ಒಂದು ಕೋಣೆ, ಪುಟ್ಟ ಅಡುಗೆಮನೆ, ಅಗಲವಾದ ಬಾಗಿಲಿನ ಬಚ್ಚಲು. ಎಲ್ಲೂ ಹೊಸ್ತಿಲಿಲ್ಲ, ಮೆಟ್ಟಿಲಿಲ್ಲ. ಬಚ್ಚಲಿನ ಗೋಡೆ ಮಾತ್ರ ಪಕ್ಕದವರ ಕಾಂಪೌಂಡಿಗೆ ಅಂಟಿಕೊಂಡಂತೆ ನಿಂತಿತ್ತು. ನಗರಸಭೆಗೆ ದೂರು ಕೊಟ್ಟಿದ್ದು ಆ ಪಕ್ಕದವರೇ.

ಒಳಗೆ ಗಾಲಿಕುರ್ಚಿಯಲ್ಲಿ, ಠಾಣೆಗೆ ಬಂದಿದ್ದ ದೂರುದಾರರ ತಂಗಿ ಕೂತಿದ್ದರು. ಮಿಲ್ಲಿನಲ್ಲಿ ಮೂಟೆಗಳ ರಾಶಿ ಮೈಮೇಲೆ ಕುಸಿದಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ.

"ನನ್ನಿಂದ ಇವರಿಗೆಲ್ಲ ರಗಳೆ. ಕೆಡವಲಿ ಬಿಡಿ ಸಾರ್. ನಾನು ಎಲ್ಲಾದ್ರೂ ಇರ್ತೀನಿ."

"ಎಲ್ಲಿ ಇರ್ತೀರಿ?"

ಆಕೆ ಮಡಿಲ ಮೇಲಿನ ಹೊದಿಕೆಯನ್ನು ಎಳೆದುಕೊಂಡರು.

ಮುಂಭಾಗದ ಮುಖ್ಯ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ದೂರುದಾರರ ಮಗಳು ನಿಂತಿದ್ದಳು.

"ನಿಮ್ಮ ಯಜಮಾನರು ಎಲ್ಲಿ?"

"ಆಫೀಸಿಗೆ ಹೋಗಿದಾರೆ."

"ಅಲ್ಲಿ ಏನು ಕೆಲಸ?"

ಅವಳು ತಾಯಿಯ ಮುಖ ನೋಡಿದಳು. "ಆಫೀಸ್ ಕೆಲಸ," ಎಂದು ಹೇಳಿ ಒಳಗೆ ಹೋದಳು.

ಠಾಣೆಗೆ ಮರಳಿದ ಕೂಡಲೇ ಇನ್‌ಸ್ಪೆಕ್ಟರು ನಗರಸಭೆಯ ಎಂಜಿನಿಯರಿಗೆ ಫೋನ್ ಮಾಡಿದರು. ಪ್ಲಾನ್ ಸೆಕ್ಷನ್‌ನಲ್ಲಿದ್ದ ಅಧಿಕಾರಿಗಳು ಮೂವರು. ಇಬ್ಬರು ಹೆಂಗಸರು, ಮೂರನೆಯವರು ಸ್ವತಃ ಎಂಜಿನಿಯರು. ಅವರಿಗೆ ಮದುವೆಯಾಗಿರಲಿಲ್ಲ.

"ಹಾಗಾದರೆ ಅಳಿಯ ಯಾರು ಸಾರ್?" ಎಂದ ಉದ್ದಣ್ಣ.

"ಅದನ್ನೇ ನೋಡಬೇಕು."

ಮಂಗಳವಾರ ಪರವಾನಗಿಯನ್ನು ನಗರಸಭೆಯ ಅಸಲಿ ಪತ್ರಗಳ ಜೊತೆ ಹೋಲಿಸಿದರು. ಸಹಿ, ಅಸಲಿಯನ್ನು ನೋಡಿಕೊಂಡು ಬೇರೆಯವರು ಬರೆದದ್ದು. ಮೊಹರು ಮಾತ್ರ ನಕಲಿಯಾಗಿರಲಿಲ್ಲ. ಅದು ಕಚೇರಿಯದೇ ಹಳೆಯ ದುಂಡು ಮೊಹರು. ಈಗ ಬಳಕೆಯಲ್ಲಿರುವುದು ಚೌಕದ್ದು. ಅಂದರೆ ಹೊರಗಿನ ಏಜೆಂಟನ ಕೆಲಸವಲ್ಲ.

ಬುಧವಾರ ಬೆಳಿಗ್ಗೆ ಇನ್‌ಸ್ಪೆಕ್ಟರು ಎಂಜಿನಿಯರ ಕೋಣೆಗೆ ಹೋದಾಗ ಅಲ್ಲಿ ದೂರುದಾರರು ಆಗಲೇ ಕೂತಿದ್ದರು. ಮರುದಿನ ಮನೆ ಬೀಳುವುದಿತ್ತು. ಅಳಿಯನ ಮಾತು ಮೀರಿ ಕೈಮುಗಿಯಲು ಬಂದಿದ್ದರು.

"ಒಂದೇ ಒಂದು ತಿಂಗಳು ಟೈಮ್ ಕೊಡಿ ಸಾರ್. ನಮ್ಮ ತಂಗಿಗೆ ಬೇರೆ ದಿಕ್ಕಿಲ್ಲ."

ಎಂಜಿನಿಯರಿಗೂ ಕಸಿವಿಸಿ. "ಅಮ್ಮಾ, ಅರ್ಜಿ ಹಾಕಿದ್ದರೆ ನಾವೇ ಕೊಡ್ತಿದ್ವಿ. ಬಚ್ಚಲನ್ನ ಮೂರಡಿ ಒಳಗೆ ತಗೊಳ್ಳಿ ಅಂತಿದ್ವಿ, ಅಷ್ಟೇ. ಹಿತ್ತಲ ಮನೆಗೆ ಪರವಾನಗಿ ಸಿಗದ ವಸ್ತು ಏನಲ್ಲ. ನಿಮ್ಮ ಅರ್ಜಿ ಇಲ್ಲಿಗೆ ಬಂದೇ ಇಲ್ಲ."

"ಬಂದೇ ಇಲ್ವಾ?"

ಇನ್‌ಸ್ಪೆಕ್ಟರು ನಡುವೆ ಕೇಳಿದರು. "ಹಳೆ ಮೊಹರುಗಳು ಎಲ್ಲಿವೆ?"

"ದಾಸ್ತಾನು ಕೋಣೆಯಲ್ಲಿ. ಬೀಗದ ಕೈ ಅಟೆಂಡರ್ ಹತ್ರ ಇರುತ್ತೆ. ಟೀಗೆ ಹೇಳಿ ಕಳಿಸಿದ್ದೆ, ತರ್ತಿರಬೇಕು; ಕರೀತೀನಿ ಇರಿ." ಎಂಜಿನಿಯರು ಗಂಟೆ ಒತ್ತಿದರು.

ಆ ಹೊತ್ತಿಗೆ ಇನ್‌ಸ್ಪೆಕ್ಟರಿಗೆ ವಿಷಯ ಹೊಳೆಯಿತು. ಆ ಹೆಂಗಸನ್ನು ಆಚೆ ಕಳಿಸಬೇಕೆಂದು ಅವರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆದಿತ್ತು.

ಖಾಕಿ ಸಮವಸ್ತ್ರದ ಮೂವತ್ತೈದರ ಗಂಡಸು ತಟ್ಟೆಯಲ್ಲಿ ಮೂರು ಲೋಟ ಟೀ ಹಿಡಿದು ಒಳಗೆ ಬಂದ. ಮೊದಲ ಲೋಟವನ್ನು ಎಂಜಿನಿಯರ ಮುಂದಿಟ್ಟ, ಎರಡನೆಯದನ್ನು ಇನ್‌ಸ್ಪೆಕ್ಟರ ಮುಂದೆ. ಮೂರನೆಯದನ್ನು ಇಡಲು ಬಗ್ಗಿದವನು ಹಾಗೇ ನಿಂತುಬಿಟ್ಟ.

ಹೆಂಗಸು ಕುರ್ಚಿಯಿಂದ ಎದ್ದರು. ಮನೆಯಲ್ಲಿ ಅಳಿಯ ಬಂದಾಗ ಏಳುವಂತೆಯೇ ಎದ್ದದ್ದು.

"ಬೇಗ ಇಡಯ್ಯ, ಏನು ಗರ ಬಡಿದವನ ಹಾಗೆ ನಿಂತೆ?" ಎಂದರು ಎಂಜಿನಿಯರು. ಅವರಿಗೆ ಏನೂ ಗೊತ್ತಿರಲಿಲ್ಲ.

ಆತ ಲೋಟ ಇಟ್ಟ. ಹೆಂಗಸಿನ ಕಣ್ಣು ಅವನ ಮುಖದ ಮೇಲೆ ಕ್ಷಣ ನಿಂತು ನೆಲಕ್ಕಿಳಿಯಿತು. ಯಾರ ಕಡೆಗೂ ನೋಡದೆ ಚೀಲ ಎತ್ತಿಕೊಂಡು ಹೊರನಡೆದರು. ಇನ್‌ಸ್ಪೆಕ್ಟರಿಗೆ ತಮ್ಮ ಮುಂದಿನ ಟೀ ಮುಟ್ಟಲಾಗಲಿಲ್ಲ. ಎರಡು ನಿಮಿಷ ಮೊದಲು ಯೋಚಿಸಿದ್ದರೆ ಇದನ್ನು ತಪ್ಪಿಸಬಹುದಿತ್ತು.

ಅಟೆಂಡರ್ ವಾದ ಮಾಡಲಿಲ್ಲ. ದಾಸ್ತಾನು ಕೋಣೆಯನ್ನು ತಾನೇ ತೆರೆದು, ಮುರುಕು ಕುರ್ಚಿಗಳ ಹಿಂದಿನಿಂದ ದುಂಡು ಮೊಹರು ತೆಗೆದುಕೊಟ್ಟ. ಪಂಚರ ಸಮಕ್ಷಮ ಅದನ್ನು ಜಪ್ತಿ ಮಾಡಿ, ಅವನನ್ನು ದಸ್ತಗಿರಿ ಮಾಡಲಾಯಿತು. ಅವನು ಕೇಳಿಕೊಂಡದ್ದು ಒಂದೇ: "ಹಿಂಬಾಗಿಲಿಂದ ಕರ್ಕೊಂಡು ಹೋಗಿ ಸಾರ್."

ಠಾಣೆಯಲ್ಲಿ ಹೇಳಿಕೆ ದಾಖಲಾಯಿತು.

"ಪ್ಲಾನ್ ಸೆಕ್ಷನ್ ಅಧಿಕಾರಿ ಅಂತ ಯಾಕೆ ಹೇಳಿದೆ?"

"ನಾನು ಹೇಳಲಿಲ್ಲ ಸಾರ್. ಸಂಬಂಧ ಕುದುರಿಸಿದವರು 'ಹುಡುಗ ಪ್ಲಾನ್ ಸೆಕ್ಷನ್‌ನಲ್ಲಿದಾನೆ' ಅಂದ್ರು. ಇದ್ದಿದ್ದೇನೋ ನಿಜ. ಅತ್ತೆ ಅದನ್ನ ದೊಡ್ಡದು ಮಾಡ್ಕೊಂಡ್ರು. ನಾನು ತಿದ್ದಲಿಲ್ಲ. ಖಾಕಿ ಬಟ್ಟೇನ ಆಫೀಸಲ್ಲೇ ಬಿಟ್ಟು ಬರ್ತಿದ್ದೆ."

"ಹೆಂಡತಿಗೆ?"

"ಆಮೇಲೆ ಗೊತ್ತಾಯ್ತು. ಅಮ್ಮನಿಗೆ ಹೇಳೋಕೆ ಅವಳಿಗೂ ಬಾಯಿ ಬರಲಿಲ್ಲ."

"ಅರ್ಜಿ ಹಾಕೋಕೆ ಏನಾಗಿತ್ತು? ಪರವಾನಗಿ ಸಿಗ್ತಿತ್ತಲ್ಲಯ್ಯ."

ಅವನು ಖಾಕಿ ಅಂಗಿಯ ತುದಿಯನ್ನು ಜಗ್ಗಿ ಸರಿಮಾಡಿಕೊಂಡ.

"ಅರ್ಜಿ ಹಾಕಿದ್ರೆ ಸ್ಥಳ ಪರಿಶೀಲನೆಗೆ ಸಾಹೇಬ್ರು ಮನೆಗೆ ಬರ್ತಾರೆ. ಅತ್ತೆ ಅವರನ್ನ ನಡುಮನೆಯಲ್ಲಿ ಕೂರಿಸ್ತಾರೆ. 'ನೀವೂ ಕೂತ್ಕೊಳ್ಳಿ ಅಳಿಯಂದಿರೇ' ಅಂತ ನನ್ನನ್ನೂ ಪಕ್ಕದಲ್ಲೇ ಕೂರಿಸ್ತಾರೆ. ಸಾಹೇಬ್ರ ಪಕ್ಕ ನಾನು ಹೇಗೆ ಸಾರ್ ಕೂತ್ಕೊಳ್ಳಲಿ?"

ಬರೆಯುತ್ತಿದ್ದ ಉದ್ದಣ್ಣ ಪೆನ್ನು ನಿಲ್ಲಿಸಿದ.

ನೆಲಸಮದ ಆದೇಶವನ್ನು ಎಂಜಿನಿಯರು ತಡೆಹಿಡಿದರು. ಬಚ್ಚಲಿನ ಗೋಡೆ ಒಡೆದು ಒಳಗೆ ಕಟ್ಟುವುದು, ಹೊಸದಾಗಿ ಅರ್ಜಿ ಹಾಕುವುದು ಎಂದಾಯಿತು. ಗುರುವಾರ ದೂರುದಾರರು ತಾವೇ ಸಾಲಿನಲ್ಲಿ ನಿಂತು ಅರ್ಜಿ ಕೊಟ್ಟು, ಅಲ್ಲಿಂದ ನೇರ ಠಾಣೆಗೆ ಬಂದರು. ಈ ಸಲ ಬಾಗಿಲ ಕಡೆ ನೋಡಲಿಲ್ಲ.

"ದೂರು ವಾಪಸ್ ತಗೊಳ್ಳೋಕಾಗುತ್ತಾ ಸಾರ್?"

"ಆಗಲ್ಲಮ್ಮ. ಇನ್ನು ಕೋರ್ಟಿನಲ್ಲೇ."

"ಬೀದಿ ತುಂಬ ಆಫೀಸರ್ ಅಂತ ಹೇಳ್ಕೊಂಡು ತಿರುಗಿದವಳು ನಾನು. ಅವರು ಒಂದು ದಿನವೂ ಜಂಬ ಕೊಚ್ಚಿದವರಲ್ಲ. ಅದನ್ನೂ ಬರ್ಕೊಳ್ಳಿ."

ಇನ್‌ಸ್ಪೆಕ್ಟರು ಬರೆದುಕೊಂಡರು. ಆಮೇಲೆ ಆರೋಪಿಯನ್ನು ಕರೆಸಿದರು. ಆತ ಬಂದು ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತ.

"ಕೂತ್ಕೊಳ್ಳಿ ಅಳಿಯಂದಿರೇ," ಎಂದರು ಅತ್ತೆ, ಪಕ್ಕದ ಕುರ್ಚಿಯನ್ನು ಎಳೆದು.

ಅವನು ಇನ್‌ಸ್ಪೆಕ್ಟರ ಕಡೆ ನೋಡಿದ. ಕೂರಲಿಲ್ಲ.

ಇನ್‌ಸ್ಪೆಕ್ಟರು ಟೋಪಿ ತೆಗೆದುಕೊಂಡು, ಉದ್ದಣ್ಣನಿಗೂ ಕಣ್ಸನ್ನೆ ಮಾಡಿ, ಜಗುಲಿಗೆ ಬಂದು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಕುರ್ಚಿ ಸರಿದ ಸದ್ದಾಯಿತು.