ಬಡವನಹಳ್ಳಿ ಕೇಳಿದ ದನಿ

ಬಡವನಹಳ್ಳಿ ಸಂತೆಬೀದಿಯಲ್ಲಿ ಬೈರಪ್ಪನ ಆಟೋ ಮೈಕು ಬೆಳಿಗ್ಗೆಯಿಂದ ಒಂದೇ ಸಮನೆ ಕೂಗುತ್ತಿತ್ತು. "ನಾಳೆ ದನಕರುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲಾಗುವುದು. ತಪ್ಪದೆ ಕರೆತನ್ನಿ." ದನಿ ರಕ್ಷಾಳದು. ಮನೆಮನೆಗೆ ಹೋಗಿ ದನಕರು ನೋಡುವ ಪಶುಸಖಿ ಆಕೆ. ಆ ದನಿ ಗೊತ್ತಿಲ್ಲದ ಹಸುವೂ ಹೋಬಳಿಯಲ್ಲಿ ಇರಲಿಲ್ಲ.

ಆಮೇಲೆ ಅದೇ ಮೈಕಿನಲ್ಲಿ, ಅದೇ ದನಿ: "ಪ್ರಸನ್ನ, ನೀವಂದ್ರೆ ನಂಗೆ ಪ್ರಾಣ ಕಣ್ರೀ. ಇನ್ನೆಷ್ಟು ದಿನ ಕಾಯ್ಲಿ?"

ಸೊಪ್ಪಿನ ಚೌಕಾಸಿಯಲ್ಲಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. ಬೈರಪ್ಪ ಗಾಬರಿಬಿದ್ದು ಪೆನ್‌ಡ್ರೈವ್ ಕೀಳುವಷ್ಟರಲ್ಲಿ ಅದು ಎರಡು ಸಲ ಹೇಳಿ ಮುಗಿಸಿತ್ತು.

ಮಧುಗಿರಿಯ ಸ್ಟುಡಿಯೋದಲ್ಲಿ ಸುದ್ದಿ ಕೇಳಿದ ಪ್ರಸನ್ನ ಕುಮಾರನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಈ ಪ್ರಕಟಣೆಗಳನ್ನು ರೆಕಾರ್ಡ್ ಮಾಡಿಕೊಡುವವನು ಅವನೇ. ಎರಡು ವರ್ಷದಿಂದ ರಕ್ಷಾ ಬಂದು ಅವನ ಮೈಕಿನ ಮುಂದೆ ಕೂರುತ್ತಿದ್ದಳು. ಮಾತು ತಪ್ಪಿದಾಗ ನಾಲಿಗೆ ಕಚ್ಚಿಕೊಂಡು, ಗಾಜಿನಾಚೆಯಿಂದ ಇವನನ್ನೇ ನೋಡಿ ನಗುತ್ತಿದ್ದಳು. ಆ ನಗುವಿಗೆ ಒಂದು ಮಾತು ಆಡಲು ಇವನಿಗೆ ಬಾಯಿ ಬರುತ್ತಿರಲಿಲ್ಲ.

ಬಾಯಿ ಬಾರದವನು ಮಾಡಿದ್ದೇನು? ಅವಳ ರೆಕಾರ್ಡಿಂಗುಗಳನ್ನೆಲ್ಲ ಎಐಗೆ ಕೊಟ್ಟು, ತನಗೆ ಬೇಕಾದ ಮಾತು ಟೈಪ್ ಮಾಡಿ, ಅವಳ ದನಿಯಲ್ಲಿ ಹೇಳಿಸಿಕೊಂಡಿದ್ದ. ಒಬ್ಬನೇ ಕೇಳಿಕೊಂಡರೆ ಯಾರಿಗೇನು ನಷ್ಟ ಅಂದುಕೊಂಡಿದ್ದ, ಮಹಾರಾಯ! ಲಸಿಕೆಯ ಪ್ರಕಟಣೆಯನ್ನು ಪೆನ್‌ಡ್ರೈವಿಗೆ ಹಾಕುವಾಗ ಅದೂ ಇದ್ದ ಇಡೀ ಫೋಲ್ಡರನ್ನೇ ಹಾಕಿಬಿಟ್ಟಿದ್ದ.

ಸಂಜೆ ರಕ್ಷಾಳ ಮನೆಗೆ ಹೋದ. ತಾಯಿ ಅಶ್ವತ್ಥಮ್ಮ ಹೊಸ್ತಿಲಲ್ಲೇ ತಡೆದರು.

"ಯಾವ ಮುಖ ಇಟ್ಕೊಂಡು ಬಂದ್ಯಪ್ಪಾ? ಇನ್ನು ಕೆಲಸಕ್ಕೆ ಹೋಗಾದು ಬ್ಯಾಡ ಅಂದ್ಬುಟ್ಟಿದೀನಿ ಮಗಳಿಗೆ. ಯಾರ ಬಾಗ್ಲಿಗೆ ಹೋದ್ರೂ ನಗ್ತಾರೆ."

"ಅವ್ರು ಆ ಮಾತು ಆಡೇ ಇಲ್ಲ ಅಮ್ಮಾ. ನಾನೇ ಕಂಪ್ಯೂಟರ್‌ನಲ್ಲಿ ಮಾಡ್ದೆ."

"ಅಂಗಂದ್ರೆ ಯಾರು ನಂಬ್ತಾರೆ? ಊರೇ ಕಿವಿಯಾರೆ ಕೇಳೈತೆ!"

ಒಳಗಿನಿಂದ ರಕ್ಷಾ ಬಂದಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

"ನಂಬೋ ಹಂಗೆ ನೀವೇ ಹೇಳಿ," ಅಂದಳು. "ಅದೇ ಬೀದೀಲಿ."

ಮರುದಿನ ಬೆಳಿಗ್ಗೆ ಪ್ರಸನ್ನ ಮೈಕು ಹಿಡಿದು ಆಟೋದ ಮುಂದೆ ನಡೆದ. "ಒಳಗೆ ಕೂತು ಹೇಳಿದ್ರೆ ಇದೂ ಕಂಪ್ಯೂಟ್ರೇ ಅಂತಾರೆ, ಇಳೀ," ಎಂದು ಬೈರಪ್ಪನೇ ಇಳಿಸಿದ್ದ.

"ನಿನ್ನೆ ನೀವು ಕೇಳಿದ್ದು ರಕ್ಷಾ ಅವರ ಮಾತಲ್ಲ. ಅವರನ್ನ ಕೇಳದೆ, ಅವರ ದನಿ ಕದ್ದು ನಾನು ಮಾಡಿದ್ದು. ತಪ್ಪು ನಂದು."

ಹೂ ಮಾರುತ್ತಿದ್ದ ಓಬಳಮ್ಮ ಎದ್ದೇ ನಿಂತರು. "ಥೂ ನಿನ್ನ! ಹೆಣ್ಣಿನ ಬಾಯಲ್ಲಿ ಹೇಳಿಸ್ಕೊಳೋ ಗಂಡ್ಸಾ ನೀನು?"

ಪ್ರಸನ್ನ ತಲೆ ಎತ್ತಲಿಲ್ಲ. ಬೀದಿ ಮುಗಿಯುವವರೆಗೆ ಹೇಳುತ್ತಲೇ ಹೋದ. ಕೊನೆಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ರಕ್ಷಾ ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಕೆಲಸಕ್ಕೆ ಹೊರಟಿದ್ದಳು.

"ಎಲ್ಲಾ ಅಳಿಸ್ಬಿಟ್ಟೆ. ಇನ್ಮೇಲೆ ನಿಮ್ಮ ಕಣ್ಣಿಗೆ ಬೀಳಲ್ಲ," ಅಂದ ಪ್ರಸನ್ನ.

"ಅಳಿಸಿದ್ರೆ ಆಯ್ತಾ? ಆ ಮಾತು ನಾನೇ ಹೇಳ್ಬೇಕು ಅಂತ ಮನಸಲ್ಲೇ ಮಡಿಕ್ಕೊಂಡಿದ್ದೆ ಕಣ್ರೀ. ಕದ್ಬುಟ್ರಿ. ಈಗ ನಾನು ಹೇಳಿದ್ರೂ ನಿಮ್ಮ ಕಂಪ್ಯೂಟರ್ ಹೇಳ್ದಂಗೇ ಇರ್ತದೆ."

ಸಂತೆಬೀದಿಯಲ್ಲಿ ಆಗದಷ್ಟು ನಾಚಿಕೆ ಪ್ರಸನ್ನನಿಗೆ ಈಗ ಆಯಿತು. ಅಳುವೇ ಬಂದುಬಿಟ್ಟಿತು.

"ನನ್ನ ಬಾಯಲ್ಲಿ ಹೇಳ್ಸಿದ್ರಿ, ಸರಿ. ನಿಮ್ಮ ಬಾಯಲ್ಲಿ ಒಂದ್ಸಲನಾದ್ರೂ ಹೇಳಿದ್ರಾ?"

ಅವನು ಮೈಕು ಆಫ್ ಮಾಡಿ ಬೈರಪ್ಪನ ಕೈಗೆ ಕೊಟ್ಟ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿತ್ತು.

"ನೀವಂದ್ರೆ... ನಂಗೆ ಇಷ್ಟ, ರಕ್ಷಾ." ಮಾತಿನ ನಡುವೆ ಕೆಮ್ಮೂ ಬಂತು.

ಅವಳ ತುಟಿಯಂಚು ಒಂದಿಷ್ಟು ಅಲುಗಿತು. ಆದರೆ ನಗಲಿಲ್ಲ.

"ನಂಗಿನ್ನೂ ಕೋಪ ಇಳಿದಿಲ್ಲ. ಭಾನುವಾರ ಮನೆಗೆ ಬಂದು ಅಮ್ಮನ ಮುಂದೆ ಇದನ್ನೇ ಹೇಳಿ. ಆಮೇಲೆ ನಾನು ಹೇಳೋದೋ ಬುಡೋದೋ ನೋಡಾಣ," ಅಂದಳು. "ರೆಕಾರ್ಡ್ ಮಾಡೋ ಫೋನು ಮನೇಲೇ ಬುಟ್ಟು ಬನ್ನಿ."